ಕಡಲ ಕಾಣಲು ಹೊರಡುವ ನಮ್ಮ ಬಯಲುನಾಡಿನವರು

ಕಾರ್ತಿಕವು ಕಳೆದು ಮಾರ್ಗಶಿರವು ಕಾಲಿಟ್ಟಿತೆಂದರೆ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಾಲೆಗಳಲ್ಲಿ ಪ್ರವಾಸದ ಮಾತು ಮೊದಲಾಗುವುದು. ಕೊಯ್ಲು ಮುಗಿಸಿದ ರೈತರೂ, ಅಡಿಕೆಯ ಹಣ ಕೈಸೇರಿದ ತೋಟದವರೂ, ನಾಲ್ಕು ದಿನ ಅಂಗಡಿಗೆ ಬೀಗ ಹಾಕಬಲ್ಲ ವರ್ತಕರೂ ಇದೇ ಕಾಲದಲ್ಲಿ ಸಂಸಾರಸಮೇತರಾಗಿ ಪಶ್ಚಿಮಾಭಿಮುಖವಾಗಿ ಹೊರಡುವರು. ಶಿವಮೊಗ್ಗೆ, ತೀರ್ಥಹಳ್ಳಿಗಳ ಮೇಲೆ ಆಗುಂಬೆಗೆ ಹೋಗಿ, ಅಲ್ಲಿಯ ತಿರುವುಗಳನ್ನು ಎಣಿಸುತ್ತ ಘಟ್ಟವಿಳಿದು, ಉಡುಪಿಯಲ್ಲಿ ಕೃಷ್ಣದರ್ಶನವನ್ನು ತೀರಿಸಿ, ಕಟೀಲು ಧರ್ಮಸ್ಥಳಗಳಿಗೆ ಸಲ್ಲಬೇಕಾದ ಕಾಣಿಕೆಯನ್ನು ಸಲ್ಲಿಸಿ, ನಡುವೆ ಎಲ್ಲಿಯೋ ಒಂದು ಸಂಜೆ ಮಂಗಳೂರಿನ ಕಡಲತೀರದಲ್ಲಿ ಇಳಿದು, ಅರ್ಧ ತಾಸು ನೀರಿನಲ್ಲಿ ನೆನೆದು, ಚಿತ್ರ ತೆಗೆಸಿಕೊಂಡು, ರಾತ್ರೋರಾತ್ರಿ ಹಿಂದಿರುಗುವರು. ಇಷ್ಟಾದರೆ ಕಡಲನ್ನು ಕಂಡಂತಾಯಿತೆಂದು ನಮ್ಮ ಜನರು ತಿಳಿದಿರುವರು. ಇಷ್ಟರಿಂದ ಕಡಲನ್ನಾಗಲಿ, ಕಡಲ ತಡಿಯ ಆ ಊರನ್ನಾಗಲಿ ಕಂಡಂತಾಗಲಿಲ್ಲವೆಂಬುದೇ ನಮ್ಮ ಇಂದಿನ ವಾದ. ಕಾಣದೆ ಹಿಂದಿರುಗುವುದರಿಂದ ನಷ್ಟವು ಮಾತ್ರವಲ್ಲ, ತಿಳಿಯದೆ ನೀರಿಗಿಳಿಯುವುದರಿಂದ ಪ್ರಾಣಹಾನಿಯೂ ಆಗುತ್ತಿರುವುದನ್ನು ನೋಡಿ ನಾವು ಸುಮ್ಮನಿರಲಾರೆವು.

ಮಂಗಳೂರಿಗೂ ನಮಗೂ ಇರುವ ಸಂಬಂಧವು ನಿನ್ನೆಯದಲ್ಲ. ಕೆಳದಿಯ ಅರಸರು ಘಟ್ಟದ ಮೇಲೂ ಘಟ್ಟದ ಕೆಳಗೂ ಆಳಿದವರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕರಾವಳಿಯು ಮದರಾಸಿನ ಕಂಪನಿ ಸರಕಾರಕ್ಕೂ, ನಮ್ಮ ಸೀಮೆಯು ಮೈಸೂರು ಸಂಸ್ಥಾನಕ್ಕೂ ಹಂಚಿಹೋದವು. ಒಂದೂವರೆ ಶತಮಾನಕ್ಕೂ ಮೀರಿ ಘಟ್ಟದ ಅಂಚೇ ಎರಡು ಆಡಳಿತಗಳ ಗಡಿಯಾಗಿತ್ತು. ಅವರ ಮೊಕದ್ದಮೆಗಳು ಮದರಾಸಿಗೆ ಹೋದವು. ನಮ್ಮವು ಬೆಂಗಳೂರಿಗೆ ಹೋದವು. ೧೯೫೬ನೆಯ ಇಸವಿ ನವಂಬರ ೧ರಂದು ಎರಡೂ ಒಂದೇ ರಾಜ್ಯದೊಳಗೆ ಬಂದವು. ೧೯೭೩ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಮುಂದೆ ೧೯೯೭ರಲ್ಲಿ ಶಿವಮೊಗ್ಗೆಯಿಂದ ಚನ್ನಗಿರಿ ಹೊನ್ನಾಳಿಗಳೂ, ಚಿತ್ರದುರ್ಗದಿಂದ ಜಗಳೂರೂ ಬಿಡಿಸಿಕೊಂಡು ದಾವಣಗೆರೆಯ ಜಿಲ್ಲೆಗೆ ಸೇರಿದವು. ನ್ಯಾಮತಿಯು ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಗಡಿಗೆರೆಗಳನ್ನು ಎಳೆಯುವುದೂ ಅಳಿಸುವುದೂ ಸರಕಾರದ ಕೈಯಲ್ಲಿ ಒಂದು ದಿನದ ಕೆಲಸ. ಒಂದೇ ನಾಡಿನವರೆಂಬ ತಿಳಿವಳಿಕೆಯು ಮಾತ್ರ ಗೆಜೆಟ್ಟಿನ ಹಾಳೆಯಿಂದ ಹುಟ್ಟುವುದಲ್ಲ. ಒಬ್ಬರ ಮನೆಯ ಜಗಲಿಯಲ್ಲಿ ಇನ್ನೊಬ್ಬರು ಕುಳಿತು ಎದ್ದಾಗಲೇ ಅದು ಹುಟ್ಟುವುದು. ಪ್ರವಾಸವೆಂಬುದನ್ನು ನಾವು ದೊಡ್ಡ ವಿಷಯವೆಂದು ಎಣಿಸುವುದು ಈ ಕಾರಣದಿಂದ. ‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂದ ಹಿರಿಯರು ಬಸ್ಸಿನ ಕಿಟಕಿಯಿಂದ ನೋಡೆಂದು ಹೇಳಲಿಲ್ಲವಷ್ಟೆ.

ಮೊದಲು ಪ್ರಾಣದ ಮಾತನ್ನು ಆಡೋಣ. ನೋಟಗಳ ಮಾತು ಆಮೇಲೆ.

ನಮ್ಮ ಮಕ್ಕಳು ನೀರನ್ನು ಕಾಣದವರಲ್ಲ. ಚನ್ನಗಿರಿಯ ಹುಡುಗನು ಭದ್ರಾ ನಾಲೆಯಲ್ಲಿ ಈಜು ಕಲಿತವನು. ಹೊನ್ನಾಳಿಯವನಿಗೆ ತುಂಗಭದ್ರೆಯು ಹಿತ್ತಲ ಹೊಳೆ. ಜಗಳೂರಿನವನಿಗೆ ಮಾತ್ರ ಮಳೆಗಾಲದಲ್ಲಿಯೂ ಕೆರೆ ತುಂಬಿದರೆ ಪುಣ್ಯ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾದರೆ, ಅವನ ಊರಿಗೆ ಅದರ ಐದನೆಯ ಒಂದು ಪಾಲೂ ಬೀಳದು. ಆದರೆ ಅಪಾಯವು ನೀರನ್ನೇ ಕಾಣದ ಜಗಳೂರಿನವನಿಗಿಂತ, ನೀರನ್ನು ಬಲ್ಲೆನೆಂದು ನಂಬಿದ ಚನ್ನಗಿರಿಯವನಿಗೇ ಹೆಚ್ಚು. ಕೆರೆಯ ನೀರು ನಿಂತ ನೀರು. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುವ ನೀರು. ಹೊಳೆಯ ಸೆಳವು ಎಲ್ಲಿದೆಯೆಂಬುದನ್ನು ಊರಿನ ಹಿರಿಯರು ಬೆರಳಿಟ್ಟು ತೋರಿಸಬಲ್ಲರು. ಕಡಲು ಹಾಗಲ್ಲ. ಅದು ಮುಂದಕ್ಕೆ ನೂಕುವುದು, ಹಿಂದಕ್ಕೆ ಎಳೆಯುವುದು, ಕಾಲ ಕೆಳಗಿನ ಮರಳನ್ನೇ ಕದ್ದೊಯ್ಯುವುದು. ನಾಲ್ಕು ಸಣ್ಣ ಅಲೆಗಳು ಮೊಣಕಾಲನ್ನು ಮುಟ್ಟಿಹೋದವೆಂದು ಧೈರ್ಯಗೊಂಡು ಎರಡು ಹೆಜ್ಜೆ ಮುಂದಿಟ್ಟವನ ಮೇಲೆ ಐದನೆಯದು ಎದೆಯೆತ್ತರ ಬಂದು ಬೀಳುವುದು.

ಇದಕ್ಕಿಂತಲೂ ಕಪಟಿಯಾದುದು ಹಿಂಸೆಳೆತ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಕಡಲಿಗೆ ಹೋಗಲೇಬೇಕಲ್ಲವೆ? ಅದು ದಡದ ಉದ್ದಕ್ಕೂ ಸಮನಾಗಿ ಹಿಂದಿರುಗದೆ, ಮರಳದಿಣ್ಣೆಗಳ ನಡುವೆ ಒಂದು ಇಕ್ಕಟ್ಟಾದ ಕಾಲುವೆಯನ್ನು ಮಾಡಿಕೊಂಡು ರಭಸದಿಂದ ಹೊರಕ್ಕೆ ನುಗ್ಗುವುದು. ಆ ಜಾಗದಲ್ಲಿ ಅಲೆಗಳು ಒಡೆಯುವುದು ಕಡಮೆ. ಎರಡು ಕಡೆಗಳಲ್ಲಿ ನೊರೆಯೆದ್ದು, ನಡುವೆ ಮಾತ್ರ ನೀರು ಶಾಂತವಾಗಿ ಕಾಣುವುದು. ಅರಿಯದವನು ಆ ಶಾಂತಿಯನ್ನು ಕಂಡು ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುವನು! ಸಿಕ್ಕಿದವನು ನೇರವಾಗಿ ದಡಕ್ಕೆ ಈಜಲೆತ್ನಿಸಿ, ಸೆಳವಿನೊಡನೆ ಸೆಣಸಿ, ಕೈಸೋತು ಮುಳುಗುವನು. ಅದರ ಎದುರು ಹೋರಾಡದೆ, ಗಾಬರಿಗೊಳ್ಳದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿದು, ಸೆಳವಿನ ಹೊರಗೆ ಬಂದಮೇಲೆ ದಡದ ಕಡೆಗೆ ತಿರುಗಬೇಕು. ಆಗದಿದ್ದರೆ ತೇಲಿಕೊಂಡೇ ಕೈಯೆತ್ತಿ ಸಹಾಯವನ್ನು ಕರೆಯಬೇಕು. ಈ ನಾಲ್ಕು ಮಾತುಗಳನ್ನು ಹೊರಡುವ ಮುನ್ನ ತರಗತಿಯ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳುವುದಕ್ಕೆ ಅರ್ಧ ಗಂಟೆ ಸಾಕು. ಎಷ್ಟು ಶಾಲೆಗಳಲ್ಲಿ ಹೇಳುವರು? ಪ್ರವಾಸದ ಶುಲ್ಕ, ಹೊದಿಕೆ, ಊಟದ ತಟ್ಟೆ, ಪೋಷಕರ ಒಪ್ಪಿಗೆಯ ಕಾಗದ ಇವುಗಳ ವಿಷಯದಲ್ಲಿ ತೋರುವ ಶ್ರದ್ಧೆಯ ಹತ್ತನೆಯ ಒಂದು ಪಾಲು ಇದಕ್ಕೆ ದೊರೆತರೆ ಸಾಕೆಂದು ನಾವು ಬೇಡುವೆವು.

೨೦೨೪ರ ಡಿಸೆಂಬರ ತಿಂಗಳಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡುದನ್ನು ವಾಚಕರು ಮರೆತಿರಲಾರರು. ಕೋಲಾರವೂ ನಮ್ಮ ಜಗಳೂರಿನಂತೆಯೇ ಮಳೆಯ ಬಡತನದ ಸೀಮೆ. ಆ ಮಕ್ಕಳ ತಾಯ್ತಂದೆಗಳು ಕಡಲನ್ನು ಕಂಡವರೋ ಇಲ್ಲವೋ! ಇದು ಮಳೆಗಾಲದಲ್ಲಿ ನಡೆದುದಲ್ಲ, ಡಿಸೆಂಬರಿನಲ್ಲಿ ನಡೆದುದು ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಮಳೆಗಾಲದ ಕಡಲಂತೂ ಯಾರ ಮಾತನ್ನೂ ಕೇಳುವುದಲ್ಲ. ಜೂನ್ ೧ರಿಂದ ಜುಲೈ ೩೧ರವರೆಗೆ ಪಶ್ಚಿಮ ತೀರದಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು. ಮೀನಿನ ಸಂತತಿಯು ಬೆಳೆಯಲೆಂದು ಇದನ್ನು ಮಾಡಿರುವರಾದರೂ, ಕಡಲಿನಲ್ಲಿಯೇ ಹುಟ್ಟಿ ಬೆಳೆದವರು ದೋಣಿಯನ್ನು ದಡಕ್ಕೆಳೆದು ಕಟ್ಟಿಹಾಕಿರುವ ಕಾಲದಲ್ಲಿ, ಆಷಾಢದ ರಜೆಯೆಂದು ನಮ್ಮ ತರುಣರು ಸೋಮೇಶ್ವರದ ಬಂಡೆಗಳ ಮೇಲೆ ನಿಂತು ಅಲೆಗಳಿಗೆ ಎದೆಯೊಡ್ಡುವುದು ಶೌರ್ಯವೋ ಅವಿವೇಕವೋ ಅವರೇ ಹೇಳಲಿ.

ನಾವು ನ್ಯಾಯಾಲಯದ ಮೆಟ್ಟಿಲು ಹತ್ತಿಳಿದು ಜೀವಿಸುವವರು. ಆದಕಾರಣ ಇದರಲ್ಲಿ ಹೊಣೆಯ ಪ್ರಶ್ನೆಯನ್ನು ಎತ್ತದಿರಲಾರೆವು. ಮಗುವನ್ನು ಶಾಲೆಯು ಕರೆದುಕೊಂಡು ಹೊರಟಿತೆಂದರೆ, ತಾಯ್ತಂದೆಗಳು ತೋರಬಹುದಾದ ಎಚ್ಚರಿಕೆಯನ್ನು ತೋರುವ ಕರ್ತವ್ಯವು ಜತೆಯಲ್ಲಿ ಹೋದ ಉಪಾಧ್ಯಾಯರ ಮೇಲೆ ಬೀಳುವುದು. ಒಪ್ಪಿಗೆಯ ಕಾಗದಕ್ಕೆ ತಂದೆಯು ಹೆಬ್ಬೆಟ್ಟು ಒತ್ತಿದನೆಂದ ಮಾತ್ರಕ್ಕೆ ಈ ಕರ್ತವ್ಯವು ತೀರುವುದಿಲ್ಲ. ಆದರೆ ಹೊಣೆಯನ್ನೆಲ್ಲ ಬಡ ಉಪಾಧ್ಯಾಯನ ಕೊರಳಿಗೆ ಕಟ್ಟಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಅವನಿಗೂ ಕಡಲು ಹೊಸದು. ಜನರನ್ನು ಬನ್ನಿರೆಂದು ಕರೆಯುವ ಪ್ರವಾಸೋದ್ಯಮದ ಇಲಾಖೆಗೆ, ಬಂದವರನ್ನು ಉಳಿಸಿ ಕಳುಹಿಸುವ ಹೊಣೆಯೂ ಇರಬೇಕಷ್ಟೆ. ಉಡುಪಿ ಜಿಲ್ಲೆಯ ಪಡುಬಿದ್ರಿಯ ತೀರವೂ, ಹೊನ್ನಾವರದ ಕಾಸರಕೋಡಿನ ತೀರವೂ ೨೦೨೦ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆದವು. ನೀರಿನ ಶುದ್ಧಿ, ಶೌಚದ ವ್ಯವಸ್ಥೆ, ಜೀವರಕ್ಷಕರ ಕಾವಲು, ಈಜುವುದಕ್ಕೆ ಗುರುತಿಟ್ಟ ಎಲ್ಲೆ ಇವೆಲ್ಲ ಇದ್ದಲ್ಲಿ ಮಾತ್ರ ಆ ಬಾವುಟವು ಏರುವುದು. ಒಂದೆರಡು ಕಡೆಗಳಲ್ಲಿ ಆದುದು ಉಳಿದ ಕಡೆಗಳಲ್ಲಿ ಏತಕ್ಕೆ ಆಗಬಾರದು? ಜನರು ಹೆಚ್ಚಾಗಿ ಇಳಿಯುವ ತೀರಗಳಲ್ಲೆಲ್ಲ, ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದ ಫಲಕಗಳೂ, ಇಂದು ಇಳಿಯಬಹುದು ಅಥವಾ ಇಳಿಯಬಾರದು ಎಂದು ತೋರಿಸುವ ಬಾವುಟಗಳೂ, ತಿಂಗಳ ಸಂಬಳದ ನೆಚ್ಚಿಗೆಯುಳ್ಳ ಜೀವರಕ್ಷಕರೂ ಇರಬೇಕು. ಜೀವರಕ್ಷಕನು ಸೀಟಿ ಊದಿದರೆ ಅವನನ್ನು ಗದರಿಸುವ ನಮ್ಮ ಯಜಮಾನರುಗಳು ಮಾತ್ರ ಯಾವ ಇಲಾಖೆಯಿಂದಲೂ ತಿದ್ದಿಸಿಕೊಳ್ಳುವವರಲ್ಲ. ಅವರನ್ನು ಮನೆಯ ಹೆಂಗಸರೇ ತಿದ್ದಬೇಕು.

ಇನ್ನೊಂದು ಸಣ್ಣ ಮಾತು. ಪ್ರವಾಸದ ಬಸ್ಸುಗಳು ದೇವಸ್ಥಾನಗಳನ್ನೆಲ್ಲ ಮುಗಿಸಿ ಕಡಲಿಗೆ ಬರುವುದು ಹೊತ್ತು ಮುಳುಗುವ ವೇಳೆಗೆ. ದಣಿದ ಮಕ್ಕಳು, ಮಸುಕಿದ ಬೆಳಕು, ಎಣಿಸಲಾರದ ತಲೆಗಳು. ಕಾರ್ಯಕ್ರಮವನ್ನು ತಲೆಕೆಳಗು ಮಾಡಿ ಬೆಳಗ್ಗೆ ಕಡಲು, ಸಂಜೆ ದೇವಾಲಯ ಎಂದಿಟ್ಟುಕೊಂಡರೆ ಯಾವ ದೇವರೂ ಕೋಪಿಸಿಕೊಳ್ಳನು.

ಇನ್ನು ನೋಟಗಳ ಮಾತು. ಮಂಗಳೂರಿನಲ್ಲಿ ಕಡಲೊಂದೇ ಇರುವುದೆಂದು ತಿಳಿದವರಿಗೆ ನಾವು ಮೊದಲು ಕದ್ರಿಯನ್ನು ತೋರಿಸಲಿಚ್ಛಿಸುವೆವು. ಅಲ್ಲಿಯ ಮಂಜುನಾಥನ ಗುಡಿಯೊಳಗೆ ಲೋಕೇಶ್ವರನ ಲೋಹವಿಗ್ರಹವೊಂದಿದೆ. ಆಳುಪರ ಅರಸನಾದ ಕುಂದವರ್ಮನು ಕ್ರಿ. ಶ. ೯೬೮ರಲ್ಲಿ ಅದನ್ನು ಪ್ರತಿಷ್ಠಿಸಿದನೆಂದು ಪೀಠದ ಶಾಸನವು ಹೇಳುವುದು. ಬೌದ್ಧರ ನೆನಪು, ನಾಥಪಂಥದ ಜೋಗಿಗಳ ಮಠ, ಶಿವನ ಪೂಜೆ ಇವೆಲ್ಲ ಒಂದೇ ಗುಡ್ಡದ ಮೇಲೆ ಒಂದರ ನೆರಳಿನಲ್ಲಿ ಇನ್ನೊಂದು ಬಾಳಿರುವುದನ್ನು ಕಂಡು ಬರುವುದು ಒಂದು ವಿದ್ಯೆಯೇ ಸರಿ. ಅಲ್ಲಿಂದ ಸಂತ ಎಲೋಶಿಯಸ್ ಕಾಲೇಜಿನ ಇಗರ್ಜಿಗೆ ಹೋದರೆ, ಇಟಲಿಯಿಂದ ಬಂದ ಆಂತೋನಿಯೋ ಮೊಸ್ಕೇನಿ ಎಂಬ ಯೇಸುಸಭೆಯ ಸೋದರನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೋಡೆಗಳನ್ನೂ ಮಾಳಿಗೆಯನ್ನೂ ತುಂಬ ಬರೆದ ಚಿತ್ರಗಳನ್ನು ಕಾಣಬಹುದು. ಕುದ್ರೋಳಿಯಲ್ಲಿ, ದೇವಸ್ಥಾನಗಳ ಬಾಗಿಲು ತಮಗೆ ತೆರೆಯದಿದ್ದ ಕಾಲದಲ್ಲಿ ಬಿಲ್ಲವರು ನಾರಾಯಣ ಗುರುಗಳ ಕೈಯಿಂದ ೧೯೧೨ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿಕೊಂಡುದನ್ನು ಮಕ್ಕಳಿಗೆ ಹೇಳಿದರೆ, ನಾಗರಿಕಶಾಸ್ತ್ರದ ಒಂದು ಪಾಠವನ್ನು ಹೇಳಿದಂತಾಗುವುದು. ಬೋಳೂರಿನ ಹೊಳೆಯಂಚಿನಲ್ಲಿ ಟಿಪ್ಪೂ ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯಿದೆ. ಎದುರು ದಂಡೆಯಲ್ಲಿಯೇ ತಣ್ಣೀರುಬಾವಿಯ ಮರಳದಡ. ಹೊಳೆಯ ಆಚೆ ಉಳ್ಳಾಲದಲ್ಲಿ ಪೋರ್ತುಗೀಸರನ್ನೆದುರಿಸಿದ ರಾಣಿ ಅಬ್ಬಕ್ಕನ ನೆಲವಿದೆ.

ಪತ್ರಿಕೆಯನ್ನು ಓದುವವರು ಮಂಗಳೂರಿಗೆ ಸಲ್ಲಿಸಬೇಕಾದ ಋಣವು ಬೇರೊಂದುಂಟು. ೧೮೪೩ನೆಯ ಇಸವಿ ಜುಲೈ ೧ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು ಈ ಊರಿನಿಂದ, ಕನ್ನಡದ ಮೊದಲ ಸುದ್ದಿಪತ್ರಿಕೆಯೆಂದು ಅದನ್ನು ಎಣಿಸಿ ಆ ದಿನವನ್ನು ಇಂದಿಗೂ ಪತ್ರಿಕಾದಿನವನ್ನಾಗಿ ಆಚರಿಸುವರು. ಕಿಟ್ಟೆಲ್ಲರ ಮಹಾಕೋಶವು ೧೮೯೪ರಲ್ಲಿ ಅಚ್ಚಾಗಿ ಹೊರಬಂದುದೂ ಅದೇ ಮಿಶನ್ನಿನವರಿಂದ, ಅದೇ ಊರಿನಲ್ಲಿ. ಅವರೇ ೧೮೬೫ರಲ್ಲಿ ಹೆಂಚಿನ ಕಾರಖಾನೆಯನ್ನೂ ತೆಗೆದರು. ನಮ್ಮ ಹೊನ್ನಾಳಿ ನ್ಯಾಮತಿಗಳ ಹಳೆಯ ಮನೆಗಳ ಮಾಡಿನಿಂದ ಒಂದು ಹೆಂಚನ್ನು ಇಳಿಸಿ ಮಗುಚಿ ನೋಡಿದರೆ, ಮಂಗಳೂರಿನ ಹೆಸರನ್ನು ಒತ್ತಿರುವುದು ಕಣ್ಣಿಗೆ ಬೀಳಬಹುದು. ನಮ್ಮ ತಾತಂದಿರು ಆ ಊರನ್ನು ಕಾಣದಿದ್ದರೂ ಅದರ ಮಣ್ಣಿನ ಕೆಳಗೆ ಮಲಗಿ ಎದ್ದವರು. ಇಂದು ಚನ್ನಗಿರಿಯ ತೋಟದವರಿಗೂ ಮಂಗಳೂರಿನ ಹೆಸರು ಬೆಳಗಿನ ಜಪ. ೧೯೭೩ರಲ್ಲಿ ಅಲ್ಲಿ ಹುಟ್ಟಿದ ಕ್ಯಾಂಪ್ಕೋ ಸಂಸ್ಥೆಯು ಅಡಿಕೆಯನ್ನು ಎಷ್ಟಕ್ಕೆ ಕೊಳ್ಳುತ್ತಿದೆಯೆಂಬುದನ್ನು ಕೇಳದೆ ಅವರಿಗೆ ಕಾಫಿಯು ರುಚಿಸದು. ಧಾರಣೆಯನ್ನು ಬಲ್ಲವರು ಊರನ್ನೂ ಬಲ್ಲವರಾಗಬೇಡವೆ?

ಬಯಲಿನಲ್ಲಿ ವಿಹರಿಸಲಿಚ್ಛಿಸುವವರಿಗೆ ವಾಮಂಜೂರಿನ ಬಳಿಯ ಪಿಲಿಕುಳವು ಒಂದು ಇಡೀ ದಿನದ ನೋಟ. ಪಿಲಿಯೆಂದರೆ ತುಳುವಿನಲ್ಲಿ ಹುಲಿ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವೆಂದು ಹೆಸರಿನ ಹಿಂದಿನ ಮಾತು. ಮೃಗಾಲಯ, ಸರೋವರ, ಸಸ್ಯಗಳ ತೋಟ, ವಿಜ್ಞಾನಕೇಂದ್ರ, ತಾರಾಲಯಗಳ ಜೊತೆಯಲ್ಲಿ ತುಳುನಾಡಿನ ಗುತ್ತಿನ ಮನೆಯ ಮಾದರಿಯೂ, ಕುಂಬಾರ ಕಮ್ಮಾರರ ಕೆಲಸವನ್ನು ಕಣ್ಣಮುಂದೆ ಮಾಡಿ ತೋರಿಸುವ ಕುಶಲಕರ್ಮಿಗಳ ಹಳ್ಳಿಯೂ ಅಲ್ಲಿವೆ. ಸಸಿಹಿತ್ಲಿನಲ್ಲಿ ೨೦೧೬ರಲ್ಲಿ ಅಖಿಲ ಭಾರತದ ಅಲೆಸವಾರಿಯ ಸ್ಪರ್ಧೆಯು ನಡೆಯಿತು. ಮೂಲ್ಕಿಯಲ್ಲಿ ಆ ವಿದ್ಯೆಯನ್ನು ಕ್ರಮವಾಗಿ ಕಲಿಸುವವರಿರುವರು. ಹಲಗೆಯ ಮೇಲೆ ನಿಂತು ಅಲೆಯನ್ನೇರುವ ಆ ಆಟವನ್ನು ದಡದಲ್ಲಿ ಕುಳಿತು ನೋಡುವುದೂ ಕಡಲಿನ ಸ್ವಭಾವವನ್ನು ತಿಳಿಯುವುದಕ್ಕೆ ಒಂದು ದಾರಿ. ಊಟದ ವಿಷಯದಲ್ಲಿ ನಾವು ಹೆಚ್ಚು ಹೇಳಲಾರೆವು. ಘಟ್ಟವಿಳಿದ ಮೇಲೆಯೂ ಮಂಡಕ್ಕಿ ಮೆಣಸಿನಕಾಯಿಯನ್ನೇ ಹುಡುಕುವವರಿಗೆ ನೀರುದೋಸೆಯ ರುಚಿಯನ್ನು ಬರವಣಿಗೆಯಿಂದ ತಿಳಿಸಲಾಗದು.

ಆದರೆ ಆ ನಾಡಿನ ನಿಜವಾದ ಸಂಪತ್ತು ರಾತ್ರಿಯಲ್ಲಿದೆ. ನಮ್ಮ ಬಸ್ಸುಗಳು ಹಿಂದಿರುಗುವುದೂ ರಾತ್ರಿಯಲ್ಲಿಯೇ! ದೀಪಾವಳಿ ಕಳೆದ ಮೇಲೆ ಯಕ್ಷಗಾನದ ಮೇಳಗಳು ಗೆಜ್ಜೆ ಕಟ್ಟಿ ಹೊರಟವೆಂದರೆ, ಮೇ ತಿಂಗಳ ಕೊನೆಯ ವಾರದ ಪತ್ತನಾಜೆಯವರೆಗೆ ಒಂದಲ್ಲ ಒಂದೂರಿನ ಗದ್ದೆಯಲ್ಲಿ ಚೆಂಡೆಯ ಸದ್ದು ಕೇಳುತ್ತಲೇ ಇರುವುದು. ಕಟೀಲಿನ ಮೇಳಗಳ ಹರಕೆಯಾಟಕ್ಕೆ ಚೀಟಿಯೂ ಇಲ್ಲ, ಕಾವಲೂ ಇಲ್ಲ. ಆಡಿಸುವವನು ಹರಕೆ ಹೊತ್ತವನು, ನೋಡುವವನು ಯಾರಾದರೂ ಸರಿ. ಭಾಗವತನು ತಾಳ ಹಿಡಿದು ಪದವೆತ್ತಿದಾಗ, ಬಣ್ಣದ ವೇಷವು ಪಂಜಿನ ಬೆಳಕಿನಲ್ಲಿ ರಂಗಕ್ಕೆ ನುಗ್ಗಿದಾಗ, ಅರ್ಥಧಾರಿಗಳು ಬರೆದಿಟ್ಟುಕೊಳ್ಳದೆ ಕ್ಷಣಕ್ಷಣಕ್ಕೂ ಹೊಸೆಯುವ ಆ ಶುದ್ಧವಾದ ಕನ್ನಡವನ್ನು ಕೇಳಿದಾಗ, ನಮ್ಮ ಬಯಲುನಾಡಿನವರು ತಮ್ಮ ಮಾತಿನ ಅವಸ್ಥೆಯನ್ನು ನೆನೆದು ತಲೆತಗ್ಗಿಸದಿರರು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಕಲಾವಿದನು ರಂಗದ ಮೇಲೆ ಇಂಗ್ಲಿಷಿನ ಒಂದು ಶಬ್ದವೂ ಸುಳಿಯದಂತೆ ತಾಸುಗಟ್ಟಲೆ ಕನ್ನಡವನ್ನಾಡುವನು. ಈಚೆಗೆ ಅನೇಕ ಮೇಳಗಳು ಮಧ್ಯರಾತ್ರಿಯೊಳಗೆ ಆಟವನ್ನು ಮುಗಿಸುವ ಕಾಲಮಿತಿಯನ್ನು ಒಪ್ಪಿಕೊಂಡಿರುವುದರಿಂದ, ಮಕ್ಕಳ ನಿದ್ರೆಯ ನೆಪವನ್ನೂ ಇನ್ನು ಹೇಳುವಂತಿಲ್ಲ.

ಇಲ್ಲಿಯೇ ನಾವು ಒಂದು ಭ್ರಮೆಯನ್ನು ಹೋಗಲಾಡಿಸಬೇಕು. ಮಂಗಳೂರಿನ ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನು ಕೇಳಿದ ನಮ್ಮವರು ಊರಿಗೆ ಬಂದು, “ಅಲ್ಲಿ ಕನ್ನಡವೇ ಇಲ್ಲ, ಅವರು ನಮ್ಮವರಲ್ಲ” ಎಂದು ಹೇಳುವುದನ್ನು ನಾವು ಕೇಳಿರುವೆವು. ಇದಕ್ಕಿಂತ ಅವಿಚಾರದ ಮಾತಿಲ್ಲ. ನ್ಯಾಮತಿಯ ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರು ಕನ್ನಡಿಗರಲ್ಲವೆ? ಜಗಳೂರಿನ ಕಡೆ ಒಲೆಯ ಮುಂದೆ ತೆಲುಗನ್ನಾಡುವವರು, ಚನ್ನಗಿರಿಯ ಪೇಟೆಯಲ್ಲಿ ಉರ್ದುವನ್ನಾಡುವವರು ಕನ್ನಡಿಗರಲ್ಲವೆ? ಏಕೀಕರಣಕ್ಕಾಗಿ ದುಡಿದ ಹಿರಿಯರಲ್ಲಿ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಮನೆಮಾತು ಬೇರೆಯಾದರೂ ನಾಡುನುಡಿಯು ಒಂದಾಗಬಹುದೆಂಬುದಕ್ಕೆ ಕರಾವಳಿಯಷ್ಟು ದೊಡ್ಡ ಸಾಕ್ಷಿ ನಮಗೆ ಬೇರೆ ಸಿಕ್ಕಲಾರದು. ಮಂಗಳೂರಿಗೆ ಹೋದವರು ತೆಂಕಣಕ್ಕೆ ಇನ್ನೊಂದು ಗಳಿಗೆ ಸಾಗಿ, ಮಂಜೇಶ್ವರದಲ್ಲಿ ಪೈಗಳ ಮನೆಯ ನೆಲದ ಮೇಲೆ ನಿಂತಿರುವ ‘ಗಿಳಿವಿಂಡು’ ಸ್ಮಾರಕವನ್ನು ಕಂಡುಬರಬೇಕೆಂದು ನಮ್ಮ ಆಗ್ರಹ. ೧೯೫೬ರಲ್ಲಿ ಆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗವು ನಮಗೆ ಬರಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗವು ಹೇಳಿದರೂ ಬರಲಿಲ್ಲ. ತೆಂಕುತಿಟ್ಟಿನ ಯಕ್ಷಗಾನಕ್ಕೆ ಹಾಡುಗಳನ್ನು ಕೊಟ್ಟ ಪಾರ್ತಿಸುಬ್ಬನ ಕುಂಬಳೆಯು ಇಂದು ಗಡಿಯ ಆಚೆಗಿದೆ. ಅಲ್ಲಿಯ ಕನ್ನಡ ಶಾಲೆಗಳ ಮಕ್ಕಳಿಗೆ, ದೂರದ ಚನ್ನಗಿರಿಯಿಂದ ಒಂದು ಬಸ್ಸು ತಮ್ಮನ್ನು ನೋಡಲೆಂದೇ ಬಂದಿತೆಂಬ ಸುದ್ದಿಯು ಎಷ್ಟು ಬಲವನ್ನು ಕೊಡಬಹುದೆಂಬುದನ್ನು ನಮ್ಮ ಮುಖ್ಯೋಪಾಧ್ಯಾಯರು ಯೋಚಿಸಬೇಕು.

ದೈವದ ಕೋಲ ನೇಮಗಳ ವಿಷಯದಲ್ಲಿ ಮಾತ್ರ ನಾವು ಬಿರುಸಾಗಿ ಮಾತಾಡಬೇಕಾಗಿದೆ. ೨೦೨೨ರಲ್ಲಿ ‘ಕಾಂತಾರ’ವೆಂಬ ಚಲಚ್ಚಿತ್ರವು ತೆರೆಕಂಡಂದಿನಿಂದ ಘಟ್ಟದ ಮೇಲಣ ತರುಣರಿಗೆ ದೈವವೆಂದರೆ ಕೂಗುವುದೂ ಕುಣಿಯುವುದೂ ಎಂದಾಗಿದೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಮುಖಕ್ಕೆ ಅರಸಿನ ಬಳಿದುಕೊಂಡು ಅದನ್ನು ಅನುಕರಿಸುವರು. ತುಳುವರಿಗೆ ಅದು ಆಟವಲ್ಲ. ಅಣಿ ಕಟ್ಟಿ, ಗಗ್ಗರವಿಟ್ಟು, ಪಾಡ್ದನದ ನಡುವೆ ದೈವವು ಆವೇಶಗೊಂಡು ನಿಂತಾಗ, ಊರಿನ ವ್ಯಾಜ್ಯಗಳು ಅದರ ಮುಂದೆ ತೀರ್ಮಾನವಾಗುವುವು. ನ್ಯಾಯಾಧೀಶರ ಪೀಠಕ್ಕೆ ನಾವು ತಲೆಬಾಗುವಂತೆ ಅವರು ಅದಕ್ಕೆ ತಲೆಬಾಗುವರು. ನೋಡಹೋದವರು ಕರೆದರೆ ಹೋಗಬೇಕು, ನಿಲ್ಲಿಸಿದಲ್ಲಿ ನಿಲ್ಲಬೇಕು, ಬೇಡವೆಂದರೆ ಚಿತ್ರ ತೆಗೆಯಬಾರದು. ನಮ್ಮೂರಿನ ವೀರಭದ್ರನ ಗುಗ್ಗಳದ ನಡುವೆ ಪರಸ್ಥಳದವನೊಬ್ಬನು ಬಂದು ಅಣಕಿಸಿ ಕುಣಿದರೆ ನಾವು ಸಹಿಸುವೆವೆ? ಕಂಬಳದ ಮಾತು ಬೇರೆ. ಅದು ಊರ ಜನರೆಲ್ಲ ಕೂಗಿ ಹುರಿದುಂಬಿಸುವ ಓಟ. ೨೦೧೪ರಲ್ಲಿ ನ್ಯಾಯಾಲಯದ ಆಜ್ಞೆಯಿಂದ ನಿಂತು, ೨೦೧೭ರಲ್ಲಿ ರಾಜ್ಯದ ಶಾಸನಸಭೆಯು ಕಾಯಿದೆಯನ್ನು ತಿದ್ದಿದ ಮೇಲೆ, ೨೦೨೩ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿದುದರಿಂದ ಅದು ನಿಶ್ಚಿಂತವಾಗಿ ನಡೆಯುತ್ತಿದೆ. ಕೆಸರುಗದ್ದೆಯಲ್ಲಿ ಕೋಣಗಳ ಜೋಡಿಯು ನೀರನ್ನು ಚಿಮ್ಮಿಸುತ್ತ ಬರುವುದನ್ನು, ಎತ್ತಿನ ಬಂಡಿಯ ಓಟವನ್ನು ಬಲ್ಲ ನಮ್ಮ ರೈತರು ನೋಡಿದರೆ, ಕೋಣಗಳ ಗುಣದೋಷಗಳನ್ನು ಕುರಿತು ಅಲ್ಲಿಯವರೊಡನೆ ಒಂದು ರಾತ್ರಿ ಮಾತಾಡುವಷ್ಟು ಸರಕು ದೊರೆಯುವುದು.

ಕಡಲತೀರವು ಯಾರದು? ೧೯೯೬ರಲ್ಲಿ ಹಿಮಾಚಲದ ಬಿಯಾಸ್ ನದಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಾಳಿ, ಹರಿಯುವ ನೀರು, ಕಡಲತಡಿ ಇಂಥವು ಪ್ರಜೆಗಳ ನ್ಯಾಸವೆಂದೂ, ಸರಕಾರವು ಅವುಗಳ ಧರ್ಮದರ್ಶಿಯೇ ಹೊರತು ಒಡೆಯನಲ್ಲವೆಂದೂ ಸಾರಿತು. ಆದಕಾರಣ ತಡಿಗೆ ಬೇಲಿ ಹಾಕಿ, ಹಣ ಕೊಟ್ಟವರಿಗೆ ಮಾತ್ರ ಮರಳನ್ನು ಮಾರುವ ವಸತಿಗೃಹಗಳನ್ನು ತಡೆಯುವುದು ಸರಕಾರದ ಧರ್ಮ. ಆದರೆ ನ್ಯಾಸದ ಫಲವನ್ನು ಉಣ್ಣುವವನಿಗೂ ಒಂದು ಮರ್ಯಾದೆಯುಂಟು. ಮರಳದಡವು ಬಂದವರಿಗೆ ವಿಹಾರಸ್ಥಳ. ಮೊಗವೀರರಿಗೆ ಅದು ಕಣ. ಬಲೆ ಹರಡುವುದೂ, ಮೀನು ಒಣಗಿಸುವುದೂ, ದೋಣಿಗೆ ಎಣ್ಣೆ ಹಚ್ಚುವುದೂ ಅಲ್ಲಿಯೇ. ನಮ್ಮ ಕಣದಲ್ಲಿ ರಾಶಿ ಹಾಕಿರುವಾಗ ಪರಊರಿನವರು ಜೋಡು ಮೆಟ್ಟಿಕೊಂಡು ತುಳಿದಾಡಿ, ತಿಂದ ಎಲೆಯನ್ನು ಅಲ್ಲಿಯೇ ಬಿಸಾಡಿ ಹೋದರೆ ನಮಗೆ ಹೇಗಾದೀತೋ, ಹರಡಿದ ಬಲೆಯ ಮೇಲೆ ನಡೆದು ಪ್ಲಾಸ್ಟಿಕಿನ ಸೀಸೆಗಳನ್ನು ಚೆಲ್ಲಿ ಹೋಗುವ ನಮ್ಮವರನ್ನು ಕಂಡು ಅವರಿಗೂ ಹಾಗೆಯೇ ಆಗುವುದು.

ಹೋಗುವುದು ನಾವು ಮಾತ್ರ, ಬರುವುದು ಯಾರೂ ಇಲ್ಲ ಎಂಬುದೂ ಈ ಪ್ರವಾಸಗಳ ಒಂದು ಕೊರತೆ. ಕರಾವಳಿಯವರಲ್ಲಿ ಸೂಳೆಕೆರೆಯನ್ನು ಕಂಡವರೆಷ್ಟು ಮಂದಿ? ಹರಿದ್ರಾ ಹಳ್ಳವನ್ನು ಎರಡು ಗುಡ್ಡಗಳ ನಡುವೆ ತಡೆದು, ಹನ್ನೊಂದು ಹನ್ನೆರಡನೆಯ ಶತಮಾನಗಳ ಕಾಲದಲ್ಲಿ ಕಟ್ಟಿದ ಆ ಏರಿಯ ಮೇಲೆ ನಿಂತರೆ, ಆರು ಸಾವಿರ ಎಕರೆಗೂ ಮೀರಿ ಹರಡಿದ ನೀರು ಕಡಲಿನವರನ್ನೂ ಒಂದು ಕ್ಷಣ ಮೌನಗೊಳಿಸುವುದು. ಶಾಂತವ್ವೆಯ ಕಥೆಯನ್ನು ಹೇಳುವುದಕ್ಕೆ ಊರಿನ ಮುದುಕರು ಇನ್ನೂ ಇರುವರು. ನ್ಯಾಮತಿಯ ಕಡೆ ತೀರ್ಥರಾಮೇಶ್ವರದ ಬತ್ತದ ಒರತೆಯಿದೆ. ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿಗೆ ಫೆಬ್ರವರಿಯಲ್ಲಿ ಅನೇಕ ರಾಜ್ಯಗಳ ಬಂಜಾರರು ನೆರೆಯುವರು. ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು ೨೦೧೧ರಲ್ಲಿ ಕೊಂಡಕುರಿಗಳ ಅಭಯಾರಣ್ಯವನ್ನಾಗಿ ಮಾಡಿದರು. ನಾಲ್ಕು ಕೊಂಬಿನ ಆ ನಾಚಿಕೆಯ ಮೃಗವನ್ನು ಕಾಣಲು ಹಸುರನ್ನೇ ಕಂಡು ಬೇಸತ್ತ ಘಟ್ಟದ ಕೆಳಗಿನವರು ಬರಬಹುದು. ಆದರೆ ಬಂದವರಿಗೆ ತಂಗುವುದಕ್ಕೆ ಎಡೆಯೆಲ್ಲಿ, ದಾರಿ ತೋರಿಸುವ ಫಲಕವೆಲ್ಲಿ, ಹೆಂಗಸರಿಗೆ ಬೇಕಾದ ಅನುಕೂಲವೆಲ್ಲಿ?

ಸಂತೇಬೆನ್ನೂರ ಪುಷ್ಕರಣಿಯ ಮೆಟ್ಟಿಲುಗಳ ಮೇಲೆ ಕುಳಿತಾಗಲೆಲ್ಲ ನಮಗೆ ಈ ಪ್ರಶ್ನೆಯೇ ಕಾಡುವುದು. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗಹನುಮಪ್ಪನಾಯಕನು ಕಟ್ಟಿಸಿದ ಕೊಳ, ನಡುವೆ ವಸಂತಮಂಟಪ. ಅದರ ಅಂಚಿನಲ್ಲಿಯೇ ಬಿಜಾಪುರದ ರಣದುಲ್ಲಾಖಾನನು ಕಟ್ಟಿಸಿದ ಮುಸಾಫಿರಖಾನೆ. ದಂಡೆತ್ತಿ ಬಂದವನೂ ದಾರಿಹೋಕನಿಗೊಂದು ನೆರಳು ಬೇಕೆಂದು ಯೋಚಿಸಿದನು. ಆ ಕಟ್ಟಡವಿರುವ ಊರಿನಲ್ಲಿ ಇಂದು ನೂರು ಮಕ್ಕಳು ಒಂದು ರಾತ್ರಿ ಮಲಗುವುದಕ್ಕೆ ತಕ್ಕ ತಾಣವಿಲ್ಲವೆನ್ನದೆ ವಿಧಿಯಿಲ್ಲ.

ನಮ್ಮ ಸೂಚನೆಯು ದೊಡ್ಡದಲ್ಲ. ಈ ನಾಲ್ಕು ತಾಲ್ಲೂಕುಗಳ ಒಂದೊಂದು ಪ್ರೌಢಶಾಲೆಯು ಕರಾವಳಿಯ ಒಂದೊಂದು ಶಾಲೆಯೊಡನೆ ನಂಟನ್ನು ಬೆಳೆಸಲಿ. ಮಾರ್ಗಶಿರದಲ್ಲಿ ನಮ್ಮ ಮಕ್ಕಳು ಅಲ್ಲಿಗೆ ಹೋದಾಗ, ಕಡಲಿನಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂಬುದನ್ನು ಮೊಗವೀರರ ಮಕ್ಕಳೇ ಕೈಹಿಡಿದು ತೋರಿಸಲಿ; ರಾತ್ರಿ ಅದೇ ಶಾಲೆಯ ಜಗಲಿಯಲ್ಲಿ ಮಲಗಿ ಆಟಕ್ಕೆ ಹೋಗಲಿ. ಮಾಘದಲ್ಲಿ ಅವರು ನಮ್ಮಲ್ಲಿಗೆ ಬಂದಾಗ, ಸೂಳೆಕೆರೆಯ ತೂಬನ್ನೂ ಪುಷ್ಕರಣಿಯ ಮೆಟ್ಟಿಲನ್ನೂ ನಮ್ಮವರು ತೋರಿಸಲಿ. ಇದಕ್ಕೆ ಬೇಕಾದುದು ಎರಡು ಶಾಲೆಗಳ ನಡುವೆ ನಾಲ್ಕು ಕಾಗದಗಳ ವ್ಯವಹಾರ. ಇಲಾಖೆಯ ಸುತ್ತೋಲೆಯನ್ನು ಕಾಯಬೇಕಾದುದಿಲ್ಲ. ಬರೆಯುವುದಕ್ಕೆ ಆಷಾಢವೇ ತಕ್ಕ ಕಾಲ. ಆಗ ಅಲ್ಲಿಯ ದೋಣಿಗಳು ದಡದಲ್ಲಿರುವುವು, ನಮ್ಮಲ್ಲಿ ಬಿತ್ತನೆಯು ಮುಗಿದಿರುವುದು, ಶಾಲೆಯ ಬಾಗಿಲು ತೆರೆದಿರುವುದು.